ಅಪ್ಪನ ಮೈದಾನದಲ್ಲಿ ಮಳೆ

ಅಪ್ಪ ಫುಟ್‌ಬಾಲ್ ನೋಡುವಾಗ ಚೆಂಡಿನ ಕಡೆ ನೋಡುತ್ತಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಅರಬ್ ದೇಶಗಳ ತಂಡಗಳೆಲ್ಲ ಸೇರಿ ಆಡುವ ಟೂರ್ನಿ ಕತಾರಿನಲ್ಲಿ ನಡೆದಾಗ ಅವರು ಡಬ್ಲಿನ್ನಿನಲ್ಲಿ ನಮ್ಮ ಮನೆಗೆ ಬಂದಿದ್ದರು. ಬ್ಲಾಂಚರ್ಡ್ಸ್‌ಟೌನಿನ ಬಾಡಿಗೆ ಮನೆ. ಅಡುಗೆಮನೆಯ ಟೇಬಲ್ಲಿನ ಒಂದು ತುದಿಗೆ ನಾನು ಆಫೀಸಿನ ಮೀಟಿಂಗಿನಲ್ಲಿ ಕುಳಿತಿದ್ದರೆ, ಇನ್ನೊಂದು ತುದಿಗೆ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅವರ ಮ್ಯಾಚು. ಅಲ್ಲಿಯ ಸಂಜೆಯ ಆಟ ನಮಗೆ ಮಧ್ಯಾಹ್ನಕ್ಕೇ ಬರುತ್ತಿತ್ತು. ಗೋಲಾದಾಗ ಅಪ್ಪ ಸುಮ್ಮನಿರುತ್ತಿದ್ದರು. ಆಟ ನಿಂತು ಕ್ಯಾಮೆರಾ ಮೈದಾನವನ್ನು ಮೇಲಿನಿಂದ ತೋರಿಸಿದರೆ ಮಾತ್ರ ಮುಂದಕ್ಕೆ ಬಗ್ಗಿ, ಕನ್ನಡಕ ಹಣೆಗೆ ಏರಿಸಿ, ತೆರೆಗೆ ಮೂಗು ತಾಗುವಷ್ಟು ಹತ್ತಿರ ಹೋಗುತ್ತಿದ್ದರು.

"ಈ ಮೂಲ್ಯಾಗ ನೀರ್ ಹೆಚ್ಚಾಗೈತಿ ನೋಡವ್ವ. ಈಗ ಒಬ್ಬಂವ ಜಾರ್ತಾನ."

ನಾನು ಹೆಡ್‌ಫೋನಿನ ಒಂದು ಕಿವಿ ಸರಿಸಿ ಹೂಂ ಅನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಆ ಮೂಲೆಯಲ್ಲಿ ಯಾರಾದರೂ ಜಾರುತ್ತಿದ್ದರು ಕೂಡ.

ಹತ್ತೊಂಬತ್ತು ವರ್ಷ ಅಪ್ಪ ಕತಾರಿನಲ್ಲಿ ಹುಲ್ಲು ನೋಡಿಕೊಂಡಿದ್ದರು. ಆಟದ ಮೈದಾನಗಳಿಗೆ ಕೆಲಸಗಾರರನ್ನು ಒದಗಿಸುವ ಗುತ್ತಿಗೆದಾರನ ಕೈಕೆಳಗೆ ಹೆಲ್ಪರ್ ಎಂದು ಸೇರಿ, ಹೆಲ್ಪರ್ ಆಗಿಯೇ ವಾಪಸ್ ಬಂದರು. ಬೆಳಕು ಹರಿಯುವ ಮೊದಲು ನೀರು ಬಿಡುವುದು, ಪಟ್ಟೆ ಪಟ್ಟೆಯಾಗಿ ಕಾಣುವಂತೆ ಮಷೀನಿನಲ್ಲಿ ಕತ್ತರಿಸುವುದು, ಬೇಸಿಗೆಯ ಹುಲ್ಲು ಸೊರಗುವ ಹೊತ್ತಿಗೆ ಅದರ ನಡುವೆ ಚಳಿಗಾಲದ ಹುಲ್ಲಿನ ಬೀಜ ಚೆಲ್ಲುವುದು. ಕೊನೆಯ ಎರಡು ವರ್ಷ ಅವರು ಇದ್ದದ್ದು ಈ ಟೂರ್ನಿಯ ಫೈನಲ್ ನಡೆಯಲಿದ್ದ ಮೈದಾನದಲ್ಲೇ. ಹಾಗಾಗಿ ಮೊದಲ ದಿನದಿಂದಲೂ ಅವರು ಕಾಯುತ್ತಿದ್ದದ್ದು ಫೈನಲ್ಲಿಗೆ. ಯಾವ ದೇಶ ಬಂದರೂ ಅವರಿಗೆ ಅಷ್ಟೇ.

ನಾವು ಬಾಗಲಕೋಟೆ ಕಡೆಯ ಪಿಂಜಾರರು. ಹತ್ತಿ ಹಿಂಜಿ ಗಾದಿ ತುಂಬುವುದು ನಮ್ಮ ಮನೆತನದ ಕೆಲಸ. ಫೋಮಿನ ಹಾಸಿಗೆಗಳು ಪೇಟೆಗೆ ಬಂದಮೇಲೆ ಗಾದಿ ಮಾಡಿಸುವವರು ವರ್ಷ ವರ್ಷಕ್ಕೂ ಕಡಿಮೆಯಾದರು. ನಾನು ಐದನೇ ಇಯತ್ತೆಯಲ್ಲಿದ್ದಾಗ ಅಪ್ಪ ಕತಾರಿಗೆ ಹೋದರು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದ ಮೊದಲನೆಯವಳು ನಾನು, ಹೆಣ್ಣುಮಕ್ಕಳಲ್ಲಷ್ಟೇ ಅಲ್ಲ, ಎಲ್ಲರಲ್ಲೂ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದಾಗ ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಹೋದವು. ಹಾಸ್ಟೆಲಿನ ಹುಡುಗಿಯರು ಹಬ್ಬಕ್ಕೆ ಊರಿಗೆ ಹೋದಾಗ ನಾನು ಡಿಕ್ಷನರಿ ಹಿಡಿದು ಗಣಿತದ ಪುಸ್ತಕದ ಇಂಗ್ಲಿಷ್ ಬಿಡಿಸುತ್ತ ಕುಳಿತಿರುತ್ತಿದ್ದೆ. ಈ ಪದವಿ ನನಗೆ ಪುಕ್ಕಟೆ ಬಂದದ್ದಲ್ಲ. ಅದರ ಬಗ್ಗೆ ನನಗೆ ಹೆಮ್ಮೆ ಇದೆ, ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಡಬ್ಲಿನ್ನಿನಲ್ಲಿ ಕನ್ನಡದವರು ಸೇರಿದ ಕಡೆ ಎರಡು ಸಲ ನಿಂತು ಹೇಳಿದ್ದೇನೆ, ಚಪ್ಪಾಳೆ ತಟ್ಟಿಸಿಕೊಂಡಿದ್ದೇನೆ.

ಆದರೆ ಅಪ್ಪನ ಕೆಲಸವನ್ನು ಎಲ್ಲಿಯೂ ಇದ್ದಂತೆ ಹೇಳಿರಲಿಲ್ಲ.

ಇದು ಶುರುವಾದದ್ದು ಬೆಂಗಳೂರಿನಲ್ಲಿ, ನನ್ನ ಮೊದಲ ಕೆಲಸದ ಇಂಟರ್‌ವ್ಯೂನಲ್ಲಿ. ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ಕತಾರಿನಲ್ಲಿ ಹೆಲ್ಪರ್ ಎಂದೆ. ಕೇಳಿದವರು ತಲೆ ಎತ್ತದೆ ಏನೋ ಬರೆದುಕೊಂಡರು. ಆ ಕೆಲಸ ನನಗೆ ಸಿಗಲಿಲ್ಲ. ಸಿಗದಿದ್ದಕ್ಕೆ ನೂರು ಕಾರಣ ಇದ್ದಿರಬಹುದು, ನಾನು ಮಾತ್ರ ಆ ಒಂದನ್ನೇ ಹಿಡಿದುಕೊಂಡೆ. ಮುಂದಿನ ಕಡೆ ಸೂಪರ್‌ವೈಸರ್ ಎಂದೆ. ಐರ್ಲೆಂಡಿಗೆ ಬಂದು ಸಿಟಿವೆಸ್ಟಿನ ಆಫೀಸು ಸೇರಿದಮೇಲೆ ಒಂದು ದಿನ ಊಟದ ಹೊತ್ತಿಗೆ ನಮ್ಮ ಟೀಮ್ ಲೀಡ್ ಅದೇ ಪ್ರಶ್ನೆ ಕೇಳಿದರು. ಅವರು ಜೋರ್ಡಾನಿನವರು, ನನಗಿಂತ ಹತ್ತು ವರ್ಷ ದೊಡ್ಡವರು, ಒಳ್ಳೆಯ ಮನುಷ್ಯ. ಅದೇ ಟೇಬಲ್ಲಿನಲ್ಲಿ ಒಬ್ಬರ ತಂದೆ ಡಾಕ್ಟರು, ಇನ್ನೊಬ್ಬರ ತಾಯಿ ಪ್ರೊಫೆಸರು ಎಂದು ಆಗತಾನೇ ಮಾತಾಗಿತ್ತು. ನಾನು ಅಪ್ಪನನ್ನು ಕತಾರಿನ ಸ್ಟೇಡಿಯಂಗಳಲ್ಲಿ ಗ್ರೌಂಡ್ ಎಂಜಿನಿಯರ್ ಮಾಡಿದೆ. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಗಾರ್ಡನರ್ ಎಂದಿದ್ದರೂ ಆ ಟೇಬಲ್ಲಿನಲ್ಲಿ ಯಾರೂ ಮುಖ ತಿರುಗಿಸುತ್ತಿರಲಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು.

ಜೋರ್ಡಾನ್ ಫೈನಲ್ಲಿಗೆ ಬಂತು. ಮರುದಿನ ಟೀಮ್ ಲೀಡ್ ನನ್ನ ಡೆಸ್ಕಿಗೇ ಬಂದು, ಗುರುವಾರ ಎಲ್ಲರೂ ನಮ್ಮ ಮನೆಗೆ ಬನ್ನಿ, ನಿಮ್ಮ ತಂದೆಯವರನ್ನು ಬಿಟ್ಟು ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದರು. ಆ ಮೈದಾನವನ್ನು ನೋಡಿಕೊಂಡವರು ನಮ್ಮ ಪಕ್ಕ ಕುಳಿತರೆ ಕಪ್ ನಮ್ಮದೇ ಎಂದು ನಕ್ಕರು. ಏನಾದರೂ ನೆಪ ಹೇಳಬಹುದಿತ್ತು. ಆದರೆ ಅಪ್ಪನಿಗೆ ಹೇಳಿದ್ದೇ ತಡ, ಅವರು ಊರಿಂದ ತಂದಿದ್ದ ಶೇಂಗಾ ಹೋಳಿಗೆಯ ಡಬ್ಬಿ ಕೆಳಗಿಳಿಸಿ ಒಡೆಯದವನ್ನು ಆರಿಸತೊಡಗಿದರು. ಬರಿಗೈಲಿ ಹೋಗುವ ಪದ್ಧತಿ ಅವರದಲ್ಲ.

ಅವರು ಐರ್ಲೆಂಡಿಗೆ ಬಂದು ಆಗ ಒಂದು ತಿಂಗಳಾಗಿತ್ತು. ಮಾತಿಗೆ ಯಾರೂ ಇರಲಿಲ್ಲ. ನಾನು, ನನ್ನ ಗಂಡ ಕೆಲಸದಲ್ಲಿ. ಮಗಳಿಗೆ ಏಳು ವರ್ಷ, ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಕೊಡುವುದು ಇಲ್ಲಿಯ ಇಂಗ್ಲಿಷಿನಲ್ಲಿ. ಪಕ್ಕದ ಮನೆಯ ಮುದುಕರು ಅಪ್ಪ ಏನು ಕೈಸನ್ನೆ ಮಾಡಿದರೂ 'ಗ್ರ್ಯಾಂಡ್, ಗ್ರ್ಯಾಂಡ್' ಎನ್ನುತ್ತಿದ್ದರು. ಅಪ್ಪನೂ ಅದನ್ನು ಕಲಿತು, ಚಹಾ ಹೇಗಾಗಿದೆ ಎಂದು ಕೇಳಿದರೆ ಗಂಭೀರವಾಗಿ 'ಗ್ರ್ಯಾಂಡ್ ಐತ್ರಿ' ಎಂದು ನನ್ನನ್ನು ಅಣಕಿಸುತ್ತಿದ್ದರು. ಇಂಗ್ಲಿಷ್ ಬಾರದು, ಆದರೆ ಅರಬ್ಬಿ ಬರುತ್ತಿತ್ತು. ಕೆಲಸದ ಜಾಗದಲ್ಲಿ ಕಲಿತ ಅರಬ್ಬಿ. ಅದನ್ನಾಡಲು ಒಂದು ಮನೆ, ಅದರಲ್ಲೂ ತಮ್ಮ ಮೈದಾನದ ಬಗ್ಗೆ ಆಡಲು ಒಂದು ಮನೆ ಸಿಕ್ಕಿತ್ತು ಅವರಿಗೆ.

ಗುರುವಾರ ಬೆಳಿಗ್ಗೆ ಕತಾರಿನಲ್ಲಿ ಮಳೆ ಶುರುವಾಗಿತ್ತು. ಮೂರನೇ ಸ್ಥಾನಕ್ಕಾಗಿ ಬೇರೆ ಮೈದಾನದಲ್ಲಿ ನಡೆಯುತ್ತಿದ್ದ ಮ್ಯಾಚು ನೀರು ನಿಂತು ಅರ್ಧಕ್ಕೇ ನಿಂತುಹೋಯಿತು. ಗಂಡನಿಗೆ ರಜೆ ಸಿಗಲಿಲ್ಲ. ನಾನು ಅರ್ಧ ದಿನ ರಜೆ ಹಾಕಿ ಮಗಳನ್ನು ಶಾಲೆಯಿಂದ ಕರೆತರುವಷ್ಟರಲ್ಲಿ ಅಪ್ಪ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕಾರಿನಲ್ಲಿ ಅವರದು ಒಂದೇ ಮಾತು. ಅಲ್ಲಿ ಮಳೆ ಬರುವುದೇ ಅಪರೂಪ, ಬಂದರೆ ಹೀಗೆ ಒಮ್ಮೆಲೇ. ಆದರೆ ತಮ್ಮ ಮೈದಾನದ ಹುಲ್ಲಿನ ಕೆಳಗೆ ಮರಳು ಎಷ್ಟಿದೆ, ನೀರು ಯಾವ ಕಡೆ ಇಳಿಯುತ್ತದೆ, ಯಾವ ಅಂಚಿನಲ್ಲಿ ಮಾತ್ರ ನಿಲ್ಲುತ್ತದೆ ಎಲ್ಲ ಅವರಿಗೆ ಗೊತ್ತು.

"ನಮ್ದು ನಿಲ್ಲಂಗಿಲ್ಲವ್ವ. ಇವತ್ ಆ ಮನ್ಯಾಗ ಹೋದ ಕೂಡ್ಲೆ ನಾ ಹೇಳಾಂವ, ಹೆದರಬ್ಯಾಡ್ರಿ, ಆಟ ಆಗತೈತಿ ಅಂತ."

ಆ ಮನೆಯಲ್ಲಿ ನಿಮ್ಮನ್ನು ಎಂಜಿನಿಯರ್ ಎಂದುಕೊಂಡಿದ್ದಾರೆ ಎಂದು ದಾರಿಯಲ್ಲಿ ಹೇಳಬೇಕೆಂದು ನಾನು ಹೊರಡುವಾಗಲೇ ಅಂದುಕೊಂಡಿದ್ದೆ. ಎಂ-ಫಿಫ್ಟಿ ರಸ್ತೆಯ ಟ್ರಾಫಿಕ್ಕಿನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆವು, ಹೇಳಲು ಸಮಯ ಬೇಕಾದಷ್ಟಿತ್ತು. ಅಪ್ಪ ಅಷ್ಟು ಖುಷಿಯಾಗಿದ್ದಾಗ ಹೇಳಲಾಗಲಿಲ್ಲ ಎಂದು ಆಮೇಲೆ ಬಹಳ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ, ಅಷ್ಟೇ.

ಸಿಟಿವೆಸ್ಟಿನ ಹೊಸ ಮನೆಗಳ ಸಾಲಿನಲ್ಲಿ ಅವರ ಮನೆ. ಟೀಮ್ ಲೀಡ್, ಅವರ ಹೆಂಡತಿ, ಇಬ್ಬರು ಗೆಳೆಯರು. ಟಿವಿಯ ಎದುರಿನ ದೊಡ್ಡ ಸೋಫಾದ ನಟ್ಟನಡುವೆ ಅಪ್ಪನನ್ನು ಕೂರಿಸಿ, ಮೊದಲ ಕಾಫಿ ಅವರಿಗೇ ಬಗ್ಗಿಸಿದರು. ಹಿಡಿಯಿಲ್ಲದ ಸಣ್ಣ ಬಟ್ಟಲಿನ ಕಹಿ ಕಾಫಿ. ಅಪ್ಪ ಬಲಗೈಯಲ್ಲಿ ತೆಗೆದುಕೊಂಡು ಕುಡಿದು, ಸಾಕು ಎನ್ನಲು ಅರಬ್ಬರ ಪದ್ಧತಿಯಂತೆ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಕೊಟ್ಟರು. ಎಲ್ಲರೂ ಮೆಚ್ಚಿ ನಕ್ಕರು. ಹಿರಿಯರನ್ನು ಕರೆಯುವ ಹಾಗೆ ಅವರು ಅಪ್ಪನನ್ನು 'ಹಾಜಿ' ಎಂದರು. ಅಪ್ಪ ಕೂಡಲೇ ಕೈ ಅಡ್ಡ ಮಾಡಿ, ನಾನಿನ್ನೂ ಹಜ್‌ಗೆ ಹೋಗಿಲ್ಲ, ಹಾಗನ್ನಬಾರದು ಎಂದರು. ಅಪ್ಪನ ಬಾಯಲ್ಲಿ ಕೇಳಿ ಕೇಳಿ ಅರಬ್ಬಿ ನನಗೂ ಅಷ್ಟಿಷ್ಟು ತಿಳಿಯುತ್ತಿತ್ತು. ಗೌರವಕ್ಕೆ ಅನ್ನುತ್ತೇವೆ ಎಂದು ಅವರು ವಿವರಿಸಿದರೂ ಅಪ್ಪ ಒಪ್ಪಲಿಲ್ಲ. ಹೋಗಿ ಬಂದಮೇಲೆ ಅನ್ನಿ ಎಂದರು.

ಆಟಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಟಿವಿಯಲ್ಲಿ ಮಳೆ ಸುರಿಯುತ್ತಿತ್ತು. ಮೈದಾನದ ಒಂದು ಅಂಚಿನಲ್ಲಿ ಮೂರು ನಾಲ್ಕು ಜನ, ಮೈತುಂಬ ಪ್ಲಾಸ್ಟಿಕ್ ಅಂಗಿ, ತುದಿಗೆ ರಬ್ಬರ್ ಪಟ್ಟಿಯಿದ್ದ ಉದ್ದ ಕೋಲುಗಳಿಂದ ನೀರು ದೂಡುತ್ತಿದ್ದರು. ಬೆಳಗಿನ ಮ್ಯಾಚಿನ ಹಾಗೆ ಇದೂ ನಿಲ್ಲುತ್ತದೆಯೋ ಏನೋ ಎಂದು ಗೆಳೆಯರಿಬ್ಬರೂ ಚಡಪಡಿಸುತ್ತಿದ್ದರು. ಆಗ ಟೀಮ್ ಲೀಡ್, "ಯಾ ಮುಹಂದಿಸ್, ನೀವೇ ಹೇಳಿ" ಎಂದರು. ಮುಹಂದಿಸ್ ಎಂದರೆ ಅರಬ್ಬಿಯಲ್ಲಿ ಎಂಜಿನಿಯರ್.

ಅಪ್ಪ ಹಿಂದಕ್ಕೆ ತಿರುಗಿ ನೋಡಿದರು. ತಮ್ಮ ಹಿಂದೆ ಯಾರೋ ಎಂಜಿನಿಯರ್ ಬಂದು ನಿಂತಿದ್ದಾರೆ ಎಂದುಕೊಂಡು.

ಯಾರೂ ಇಲ್ಲದ್ದು ಕಂಡು, ಕರೆದದ್ದು ತಮ್ಮನ್ನೇ ಎಂದು ತಿಳಿದು, ಜೋರಾಗಿ ನಕ್ಕರು. ಲಾ, ಲಾ, ಅಲ್ಲವೇ ಅಲ್ಲ ಎಂದು ತಲೆ ಅಲ್ಲಾಡಿಸಿ ಸೋಫಾದ ಮುಂದಿನ ಅಂಚಿಗೆ ಸರಿದರು. ಎರಡೂ ಕೈಗಳಲ್ಲಿ ಕಾಣದ ಕೋಲು ಹಿಡಿದು ದೂಡಿ ತೋರಿಸಿದರು. ಆಮೇಲೆ ಟಿವಿಯಲ್ಲಿ ಎಡಗಡೆಯಿದ್ದ ಒಬ್ಬನ ಕಡೆ ಬೆರಳು ಮಾಡಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನೆಲದ ಮೇಲೆ ಕುಳಿತಿದ್ದ ನನ್ನ ಮಗಳು, ಅಜ್ಜ ಇದನ್ನೇ ಮಾಡುತ್ತಿದ್ದದ್ದು, ಆ ಉದ್ದ ಕೋಲಿನಿಂದ ನೀರು ದೂಡುತ್ತಿದ್ದರು, ಹುಲ್ಲನ್ನೂ ಅಜ್ಜನೇ ಕತ್ತರಿಸುತ್ತಿದ್ದರು ಎಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದಳು. ಅವಳ ಸ್ವರದಲ್ಲಿ ಹೆಮ್ಮೆಯಿತ್ತು.

ನಾನು ನಕ್ಕೆ. ಅವಳ ಭುಜ ಅದುಮಿ ಹಿಡಿದೆ. ಅವಳಿಗೆ ತಿಳಿಯುವುದಿಲ್ಲ, ಆ ಕೆಲಸ ಮಾಡುವವರೆಲ್ಲ ಇವರ ಕೈಕೆಳಗೆ ಇದ್ದವರು ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ನನ್ನ ಇಂಗ್ಲಿಷ್ ಅಪ್ಪನಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ಟೀಮ್ ಲೀಡ್ ಇಂಗ್ಲಿಷ್ ಅಷ್ಟಾಗಿ ಬಾರದ ತಮ್ಮ ಗೆಳೆಯರಿಗಾಗಿ ಅದನ್ನು ಅರಬ್ಬಿಯಲ್ಲಿ ಹೇಳಿದರು, ಗೌರವದಿಂದಲೇ ಹೇಳಿದರು. ಅಪ್ಪ ಅದನ್ನು ಕೇಳಿಸಿಕೊಂಡರು. ನನ್ನ ಕಡೆ ನೋಡಿದರು. ಬೆರಳು ಇಳಿಸಿದರು, ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹಾಜಿ ಎಂದಾಗ ಒಪ್ಪದವರು ಈಗ ಇಲ್ಲ ಎನ್ನಲಿಲ್ಲ. ಎಂದಿದ್ದರೆ ಸುಳ್ಳುಗಾರ್ತಿಯಾಗುತ್ತಿದ್ದವಳು ನಾನು.

"ಇನ್‌ಷಾ ಅಲ್ಲಾಹ್, ಆಡ್ತಾರೆ" ಎಂದಷ್ಟೇ ಅರಬ್ಬಿಯಲ್ಲಿ ಹೇಳಿದರು.

ಆಡಿದರು. ಶುರುವಾಗಿ ಕೆಲವೇ ನಿಮಿಷಕ್ಕೆ ಎದುರಾಳಿ ಮೊರಾಕೊದ ಒಬ್ಬ ಮೈದಾನದ ನಡುವಿನಿಂದಲೇ ಒದ್ದದ್ದು ಗೋಲಾಯಿತು. ಆಮೇಲೆ ಜೋರ್ಡಾನ್ ಸಮ ಮಾಡಿಕೊಂಡಿತು, ಮುಂದೆಯೂ ಹೋಯಿತು. ಮನೆಯೆಲ್ಲ ಎದ್ದು ಕುಣಿಯಿತು. ನನ್ನ ಮಗಳನ್ನು ಯಾರೋ ಎತ್ತಿಕೊಂಡಿದ್ದರು. ಅಪ್ಪ ಮಾತ್ರ ನಡುಸೋಫಾದಲ್ಲಿ ಕುಳಿತೇ ಇದ್ದರು. ಒಮ್ಮೆ ಚೆಂಡು ನೀರಿನಲ್ಲಿ ಸಿಕ್ಕಿ ನಿಂತಾಗ ಗೆಳೆಯರಲ್ಲೊಬ್ಬರು, ಆ ಜಾಗದಲ್ಲೇ ಯಾಕೆ ಹೀಗೆ ಎಂದು ಅಪ್ಪನನ್ನು ಕೇಳಿದರು. ಕಾರಿನಲ್ಲಿ ಅರ್ಧ ಗಂಟೆ ನನಗೆ ವಿವರಿಸಿದ್ದು ಅದನ್ನೇ. ನನಗೆ ಗೊತ್ತಿಲ್ಲ ಎಂದರು ಅಪ್ಪ. ಟೀಮ್ ಲೀಡ್‌ನ ಹೆಂಡತಿ ನನ್ನ ಹತ್ತಿರ ಬಂದು, ತಂದೆಯವರಿಗೆ ಹುಷಾರಿಲ್ಲವೇ ಎಂದು ಮೆಲ್ಲಗೆ ವಿಚಾರಿಸಿದರು. ಇಲ್ಲಿಯ ಚಳಿ ಒಗ್ಗಿಲ್ಲ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬರುತ್ತಿತ್ತು ನನಗೆ.

ಮುಗಿಯಲು ಇನ್ನೇನು ಸ್ವಲ್ಪವೇ ಇದ್ದಾಗ ಮೊರಾಕೊ ಸಮ ಮಾಡಿತು, ಹೆಚ್ಚುವರಿ ಸಮಯದಲ್ಲಿ ಗೆದ್ದಿತು. ಟೀಮ್ ಲೀಡ್ ಟಿವಿ ಆರಿಸಲಿಲ್ಲ, ಮುಖಕ್ಕೆ ಕೈ ಒತ್ತಿಕೊಂಡು ಕುಳಿತರು. ಅಪ್ಪ ಹೊರಡುವಾಗ ಅವರ ಬೆನ್ನ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತು ಬಂದರು. ಶೇಂಗಾ ಹೋಳಿಗೆಯನ್ನು ಯಾರೂ ಮುಟ್ಟಿರಲಿಲ್ಲ.

ಬರುವಾಗ ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ಮನೆಯ ತಿರುವು ಹತ್ತಿರ ಬಂದಾಗ ಅಪ್ಪ ಕೇಳಿದರು.

"ಟಿವ್ಯಾಗ ಎಡಗಡೆ ಕೋಲ್ ಹಿಡಕೊಂಡು ಒಬ್ಬಾಂವ ಇದ್ನಲ್ಲ, ನೋಡಿದೇನು?"

"ನೋಡ್ದೆ ಅಪ್ಪಾ."

"ನೇಪಾಳದಂವ. ಆರ್ ವರ್ಷ ನನ್ ಮ್ಯಾಲಿನ ಮಂಚದಾಗ ಮಲಗ್ಯಾನ. ನನಗ ಕಾಮಾಲಿ ಆದಾಗ ನನ್ ಪಾಳಿನೂ ಅಂವನ ಮಾಡ್ಯಾನ, ಸಾಹೇಬರಿಗೆ ಗೊತ್ತಾಗಲಾರ್ದಂಗ. ಅಂವ ನನ್ ಕೈಕೆಳಗ ಇದ್ದಿಲ್ಲವ್ವ. ನಾ ಯಾರ ಮ್ಯಾಲೂ ಇದ್ದಿಲ್ಲ. ಅವ್ರ ಜೋಡಿ ಇದ್ದೆ."

ಮನೆಯ ಮುಂದೆ ಕಾರು ನಿಲ್ಲಿಸಿ ತಪ್ಪಾಯಿತು ಎಂದೆ. ಇರಲಿ ಬಿಡು, ಕೂಸಿನ ಕುತ್ತಿಗೆ ವಾಲೈತಿ ನೋಡು ಎಂದರು. ತಾವೇ ಇಳಿದು ಮೊಮ್ಮಗಳನ್ನು ಎತ್ತಿಕೊಂಡು ಒಳಗೆ ಹೋದರು.

ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಬೈಯುವವರಲ್ಲ. ನನ್ನ ಹೆಮ್ಮೆಯ ಬಗ್ಗೆ ಮೊದಲು ಬರೆದೆನಲ್ಲ, ಅದನ್ನು ಮತ್ತೊಮ್ಮೆ ಓದಿ ನೋಡಿದೆ. ಓದುವುದು ಕಷ್ಟವಾಗಿತ್ತು ಎಂದು ನಿಂತು ಹೇಳಿ ಚಪ್ಪಾಳೆ ತಟ್ಟಿಸಿಕೊಂಡೆ. ನಾನು ಓದುತ್ತಿದ್ದಾಗ ಅಲ್ಲಿ ಕಾಮಾಲೆ ಹಿಡಿದು ಮಲಗಿದ್ದವರು ಯಾರು, ಅವರ ಪಾಲಿನ ಕೆಲಸ ಮಾಡಿದವರು ಯಾರು ಎಂದು ನನಗೆ ತಿಳಿದದ್ದು ಆ ರಸ್ತೆಯ ತಿರುವಿನಲ್ಲಿ. ಆ ಜಡ್ಡಿನ ವಿಷಯ ಅವರು ಮನೆಗೆ ತಿಳಿಸಿರಲೇ ಇಲ್ಲ. ಆ ಸಂಜೆ ಆ ಮನೆಯಲ್ಲಿ ಅಪ್ಪ ಆ ನೇಪಾಳದವನ ಬಗ್ಗೆ ಹೇಳಲು ಹೊರಟಿದ್ದರು. ಕೇಳುವವರೂ ಇದ್ದರು.

ಆಮೇಲೆ ಅಪ್ಪ ಐದು ವಾರ ನಮ್ಮ ಜೊತೆ ಇದ್ದರು. ಒಂದು ಭಾನುವಾರ ಡನ್ ಲಿಯರಿಗೆ ಹೋಗಿ ಸಮುದ್ರದೊಳಕ್ಕೆ ಚಾಚಿರುವ ಕಲ್ಲುಕಟ್ಟೆಯ ಮೇಲೆ ಕೊನೆಯವರೆಗೂ ನಡೆದೆವು. ಗಾಳಿಗೆ ಟೋಪಿ ಹಾರದಂತೆ ಹಿಡಿದುಕೊಂಡು ಅಪ್ಪ ಖುಷಿಯಾಗಿಯೇ ಇದ್ದರು. ಕತಾರಿನಲ್ಲೂ ಸಮುದ್ರ ಹೀಗೇ ಇತ್ತೇ ಎಂದು ಕೇಳಿದೆ. ಮಾತು ಅಲ್ಲಿಗೆ ಹೋಗಲಿ ಎಂದೇ ಕೇಳಿದೆ. ಇತ್ತು ಎಂದರು. ಅಷ್ಟೇ. ಊರಿನ ಸುದ್ದಿ, ನಮ್ಮ ಓಣಿಯವರ ಸುದ್ದಿ, ಅವ್ವನ ಮೊಣಕಾಲು ನೋವು, ಎಲ್ಲ ಹೇಳಿದರು. ಹತ್ತೊಂಬತ್ತು ವರ್ಷದ ಸುದ್ದಿ ಮಾತ್ರ ನನ್ನ ಮುಂದೆ ಮತ್ತೆ ಬರಲಿಲ್ಲ.

ಅವರು ಊರಿಗೆ ಹೋದಮೇಲೆ ಒಂದು ದಿನ ಕ್ಯಾಂಟೀನಿನಲ್ಲಿ ಟೀಮ್ ಲೀಡ್‌ಗೆ ಎಲ್ಲವನ್ನೂ ಹೇಳಿದೆ. ನನ್ನ ತಂದೆ ಎಂಜಿನಿಯರ್ ಅಲ್ಲ, ಹುಲ್ಲಿಗೆ ನೀರು ಬಿಡುತ್ತಿದ್ದರು, ನಾನು ನಿಮಗೆ ಸುಳ್ಳು ಹೇಳಿದ್ದೆ. ಅವರು ಚಮಚ ಕೆಳಗಿಟ್ಟರು. ಕೋಪ ಮಾಡಿಕೊಳ್ಳಲಿಲ್ಲ. ಆ ಸಂಜೆ ನಿಮ್ಮ ತಂದೆ ಕೋಲು ಹಿಡಿದು ತೋರಿಸಿದ್ದು ಅದಕ್ಕೇ ಏನು ಎಂದು ಕೇಳಿದರು. ಹೌದು ಎಂದೆ. ನಾನು ಎಂಜಿನಿಯರನನ್ನು ನೋಡಬೇಕೆಂದು ಕರೆದಿರಲಿಲ್ಲ, ಆ ಮೈದಾನದ ಬಗ್ಗೆ ಕೇಳಬೇಕೆಂದು ಕರೆದಿದ್ದೆ ಎಂದರು. ಆಮೇಲೆ, ಅವರ ಜೊತೆ ಒಮ್ಮೆ ವಿಡಿಯೊ ಕಾಲ್‌ನಲ್ಲಿ ಮಾತಾಡಿಸುತ್ತೀರಾ, ಆ ನೀರಿನ ಕತೆ ಕೇಳಬೇಕು ಎಂದರು.

ಅಂದು ಸಂಜೆಯೇ ಅಪ್ಪನಿಗೆ ಫೋನ್ ಮಾಡಿದೆ. ಟೀಮ್ ಲೀಡ್ ಅವರಿಗೆ ಎಲ್ಲ ಹೇಳಿಬಿಟ್ಟಿದ್ದೇನೆ, ಅವರು ನಿಮ್ಮ ಜೊತೆ ಮಾತಾಡಬೇಕಂತೆ, ಭಾನುವಾರ ಬಿಡುವಿದೆಯಂತೆ ಎಂದೆ. ನನ್ನ ದನಿಯಲ್ಲಿ ಅವಸರವಿತ್ತು, ಎಲ್ಲ ಸರಿಹೋಯಿತು ಎಂದು ಯಾರಿಂದಲಾದರೂ ಕೇಳಬೇಕಿತ್ತು ನನಗೆ.

"ಬ್ಯಾಡವ್ವ. ಆವತ್ ಬಾಯಿಗೆ ಬಂದಿತ್ತು. ಈಗ ಕರದು ಕುಂಡ್ರಿಸಿ ಹೇಳು ಅಂದ್ರ ಏನ್ ಹೇಳ್ಲಿ?"

ನಾನು ಮತ್ತೆ ಎರಡು ಸಲ ಕೇಳಿದೆ. ಅವರಿಗೆ ನನ್ನ ಸಲಾಂ ಹೇಳು ಎಂದು ಮಾತು ಮುಗಿಸಿದರು.

ಸೋಮವಾರ ಮೀಟಿಂಗಿಗೆ ಮುಂಚೆ ಟೀಮ್ ಲೀಡ್ ವಿಚಾರಿಸಿದರು. ಅಪ್ಪನಿಗೆ ಹುಷಾರಿಲ್ಲ, ಊರಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಇನ್ನೊಮ್ಮೆ ನೋಡೋಣ ಎಂಬ ಮೂರೂ ಮಾತು ನಾಲಿಗೆಯ ತುದಿಗೆ ಬಂದವು. ಅಪ್ಪ ಮಾತಾಡುವುದಿಲ್ಲ ಎಂದಿದ್ದಾರೆ, ಅದಕ್ಕೆ ಕಾರಣ ನಾನು ಎಂದೆ. ಅವರು ತಲೆಯಾಡಿಸಿದರು. ಆಮೇಲೆ ಉಳಿದವರೂ ಒಳಗೆ ಬಂದರು, ಮೀಟಿಂಗ್ ಶುರುವಾಯಿತು.